ಮೊಟ್ಟೆ ತಿಂದ ಮುದುಕಿಯ ದನಿ

ಊರಿಗೆ ವಾಪಸಾದ ಮೇಲೆ ಎಲ್ಲರೂ ಕೇಳಿದ್ದು ಟುಲಿಪ್ ತೋಟ ನೋಡಿದಿರಾ, ಗಾಳಿಗಿರಣಿ ನೋಡಿದಿರಾ ಎಂದು. ಟುಲಿಪ್ ನವೆಂಬರಿನಲ್ಲಿ ಅರಳುವುದಿಲ್ಲ. ಗಾಳಿಗಿರಣಿಯನ್ನು ರೈಲಿನ ಕಿಟಕಿಯಿಂದ ಒಂದೇ ಒಂದು ಸಲ ನೋಡಿದೆ. ಮಂಜಿನಲ್ಲಿ ಅದರ ಎರಡು ರೆಕ್ಕೆಗಳಷ್ಟೇ ಕಾಣುತ್ತಿದ್ದವು, ಉಳಿದೆರಡು ಎಲ್ಲಿಗೋ ಹೋಗಿದ್ದವು. ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ನೆದರ್ಲೆಂಡ್ಸಿನಲ್ಲಿ ನಾನು ಕಳೆದ ಮೂರು ವಾರದಲ್ಲಿ ನಿಜವಾಗಿ ನಡೆದದ್ದನ್ನು ನಿಂತಲ್ಲೇ ಹೇಳಿ ಮುಗಿಸುವುದು ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ಆಮರ್ಸ್‌ಫೋರ್ಟ್: ಗಿಳಿಯ ಕಥೆ

ನಾನು ಬೆಂಗಳೂರಿನಲ್ಲಿ ಡಬ್ಬಿಂಗ್ ಕಲಾವಿದೆ. ಇಪ್ಪತ್ತೆಂಟು ವರ್ಷದಿಂದ ಬೇರೆಯವರ ಬಾಯಿಗೆ ನನ್ನ ಮಾತು ಕೂರಿಸುತ್ತಿದ್ದೇನೆ. ಧಾರಾವಾಹಿಯ ಕೆಟ್ಟ ಅತ್ತೆಯರು, ಕಾರ್ಟೂನಿನ ರಾಕ್ಷಸಿಯರು, ಹಲ್ಲಿಲ್ಲದ ಅಜ್ಜಿಯರು ನನ್ನ ಪಾಲಿಗೆ ಬರುತ್ತಾರೆ. ನನ್ನ ದನಿ ನೀವು ಕೇಳಿಯೇ ಇರುತ್ತೀರಿ. ಹೆಸರು ಕೇಳಿರುವುದಿಲ್ಲ, ನಮ್ಮಂಥವರ ಹೆಸರನ್ನು ಪರದೆಯ ಮೇಲೆ ಹಾಕುವ ಪದ್ಧತಿ ಇಲ್ಲ.

ತಂಗಿ ಸುಧಾ ನ್ಯೂವೆಗೈನ್ ಎಂಬ ಊರಿನಲ್ಲಿದ್ದಾಳೆ. ಅವಳ ಗಂಡ ಆಫೀಸಿನ ಕೆಲಸಕ್ಕೆ ಒಂದು ತಿಂಗಳು ಹೊರಗೆ ಹೋಗುವವನಿದ್ದ. "ಒಬ್ಳೇ ಇರಕ್ಕೆ ಬೋರು, ಬಾ ಅಕ್ಕ," ಎಂದಳು. ಹೋದೆ. ಹೋದ ಮೂರನೇ ದಿನವೇ ಆಮರ್ಸ್‌ಫೋರ್ಟಿನಲ್ಲಿ ಕನ್ನಡದವರ ರಾಜ್ಯೋತ್ಸವ. ಬಾಡಿಗೆಗೆ ಹಿಡಿದ ಆಟದ ಸಭಾಂಗಣ, ಬ್ಯಾಸ್ಕೆಟ್‌ಬಾಲ್ ಬಲೆಯ ಕೆಳಗೆ ಭುವನೇಶ್ವರಿಯ ಪಟ, ಮೈದಾ ಜಾಸ್ತಿಯಾದ ಹೋಳಿಗೆ. ಕಾರ್ಯಕ್ರಮದ ನಡುವೆ ಯಾರೋ ಮೈಕು ಹಿಡಿದು "ಬೆಂಗಳೂರಿಂದ ಕಾತ್ಯಾಯಿನಿ ಮೇಡಂ ಬಂದಿದಾರೆ, ಏನಾದ್ರೂ ಮಾಡಿ ತೋರಿಸ್ಲಿ," ಎಂದುಬಿಟ್ಟರು.

ನಾನು ರಾಕ್ಷಸನ ಕಥೆ ಹೇಳಿದೆ. ಏಳು ಸಮುದ್ರದ ಆಚೆ ದ್ವೀಪ, ದ್ವೀಪದಲ್ಲಿ ಮರ, ಮರದಲ್ಲಿ ಪಂಜರ, ಪಂಜರದ ಗಿಳಿಯಲ್ಲಿ ರಾಕ್ಷಸನ ಪ್ರಾಣ. ಎಲ್ಲರಿಗೂ ಗೊತ್ತಿರುವ ಕಥೆ. ಅಜ್ಜಿಯ ದನಿಯಲ್ಲಿ ಹೇಳಿದ್ದಕ್ಕೆ ಚಪ್ಪಾಳೆ ಬಿತ್ತು.

ಊಟದ ಸಾಲಿನಲ್ಲಿ ಒಬ್ಬ ಹುಡುಗಿ ತಟ್ಟೆ ಹಿಡಿದುಕೊಂಡೇ ನನ್ನ ಪಕ್ಕಕ್ಕೆ ಬಂದಳು. ಮೂವತ್ತರ ಆಸುಪಾಸು, ಕುತ್ತಿಗೆಗೆ ದೊಡ್ಡ ಹೆಡ್‌ಫೋನು. ಹುಬ್ಬಳ್ಳಿಯ ರೇಣುಕಾ, ಊಟ್ರೆಕ್ಟಿನಲ್ಲಿ ಧ್ವನಿವಿಜ್ಞಾನದ ಸಂಶೋಧನೆ ಮಾಡುತ್ತಿದ್ದಾಳೆ ಎಂದು ಸುಧಾ ಪರಿಚಯಿಸಿದಳು.

"ಅಕ್ಕಾರ, ನೀವು ಹೇಳಿದ್ರಲ್ಲ, ಅದ ಕಥಿ ಈಗ ನಾವು ಸಿನಿಮಾ ಮಾಡಾಕತ್ತೀವಿ," ಎಂದಳು. "ರಷ್ಯಾದವರ ಹಳೀ ಕಥಿ. ಅದರಾಗ ಗಿಳಿ ಇಲ್ಲ, ತತ್ತಿ ಐತಿ. ಸೌಂಡ್ ನಂದು. ನಾಳೆ ಕಡೀ ಶೂಟಿಂಗ್. ನಿಮ್ಮ ಮನಿ ಹತ್ರನ ಐತ್ರಿ, ಬರ‍್ರಿ."

ನ್ಯೂವೆಗೈನ್: ರಟ್ಟಿನ ಕಾಡು

ನ್ಯೂವೆಗೈನಿನ ಕಚೇರಿಗಳ ಬಡಾವಣೆಯಲ್ಲಿ ಭಾನುವಾರ ಬೀದಿನಾಯಿಯೂ ಇರುವುದಿಲ್ಲ. ನಾಯಿ ಕಂಡರೆ ಅದರ ಹಿಂದೆ ಯಜಮಾನ, ಯಜಮಾನನ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಗಾಜಿನ ಕಟ್ಟಡಗಳ ನಡುವೆ ನಾನೊಬ್ಬಳೇ ನಡೆದೆ. ಸಿಗ್ನಲ್ಲಿನಲ್ಲಿ ಯಾವ ಗಾಡಿಯೂ ಇರಲಿಲ್ಲ, ಆದರೂ ಹಸಿರು ಮನುಷ್ಯ ಬರುವವರೆಗೆ ಕಾದೆ. ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಅದು ಕಾರ್ಪೆಟ್ಟಿನ ಹಳೆಯ ಗೋದಾಮು. ಒಳಗೆ ಕಾಡು. ಕಾರ್ಪೆಟ್ ಸುತ್ತುವ ರಟ್ಟಿನ ಉದ್ದುದ್ದ ಕೊಳವೆಗಳನ್ನು ನಿಲ್ಲಿಸಿ, ಬಿಳಿ ಬಳಿದು, ಅಲ್ಲಲ್ಲಿ ಕಪ್ಪು ಗೀರಿ ಮರ ಮಾಡಿದ್ದರು. ಕಾಡಿನ ನಡುವೆ ಎರಡು ಕೋಳಿಕಾಲಿನ ಮೇಲೆ ಒಂದು ಗುಡಿಸಲು, ರಷ್ಯಾದ ಕಥೆಗಳಲ್ಲಿ ಕಾಡಿನ ಮುದುಕಿಯ ಮನೆ ಹೀಗೇ ಇರುತ್ತದಂತೆ. ಕಾಡಿನ ಉದ್ದಕ್ಕೂ ಮೂವತ್ತು ಜನ ಮರದ ತೊಗಟೆಯ ಮುಖವಾಡ ಹಾಕಿ ನಿಂತಿದ್ದರು. ಕಣ್ಣಿಗೆ ಎರಡು ತೂತು, ಬಾಯಿಗೆ ಒಂದು ಸೀಳು. ಯಾರೂ ಅಲುಗುತ್ತಿರಲಿಲ್ಲ.

ನಿರ್ದೇಶಕಿಯ ಹೆಸರು ಲಿಡಿಯಾ. ಅರವತ್ತು ದಾಟಿದ, ಗಂಡಸರ ಕೋಟು ಹಾಕಿಕೊಂಡ ಹೆಂಗಸು. ರಷ್ಯಾ ಬಿಟ್ಟು ಬಂದು ಕೆಲವು ವರ್ಷವಾಗಿದೆ. ನನ್ನ ಹೆಸರು ಕೇಳಿ ಅರ್ಧಕ್ಕೇ ನಿಲ್ಲಿಸಿ, "ಕಾತ್ಯಾ! ನಮ್ಮಲ್ಲಿ ಬೀದಿಗೊಬ್ಬಳು ಕಾತ್ಯಾ ಇರುತ್ತಾಳೆ," ಎಂದು ನಕ್ಕಳು. ನಾವು ಇಂಗ್ಲಿಷಿನಲ್ಲೇ ಮಾತಾಡಿದೆವು, ಇಬ್ಬರದೂ ಒಂದೇ ತರಹದ ಹರುಕು ಇಂಗ್ಲಿಷ್.

ಸಿನಿಮಾದ ಕಥೆಯನ್ನು ಅವಳೇ ಹೇಳಿದಳು. ಸಾವಿಲ್ಲದ ಒಬ್ಬ ರಾಜ. ಅವನ ಸಾವು ಒಂದು ಮೊಟ್ಟೆಯೊಳಗಿದೆ. ಮೊಟ್ಟೆ ಕ್ಷೇಮವಾಗಿದೆ ಎಂದು ಪ್ರತಿ ವರ್ಷ ಅಧಿಕಾರಿಗಳು ವರದಿ ಕೊಡಬೇಕು. ಈ ವರ್ಷ ಮೂವರು ಅಧಿಕಾರಿಗಳು ಕಾಡಿಗೆ ಹೋಗುತ್ತಾರೆ. ಕಾಡಿನ ಮುದುಕಿ ಹೇಳುತ್ತಾಳೆ: ಆ ಮೊಟ್ಟೆಯನ್ನು ನಾನು ತಿಂದು ಎಷ್ಟೋ ಕಾಲವಾಯಿತು. ಅಂದರೆ ರಾಜ ಸತ್ತು ಎಷ್ಟೋ ಕಾಲವಾಗಿದೆ. ಸಿಂಹಾಸನದ ಮೇಲೆ ಕೂತಿರುವುದಕ್ಕೆ ಎಲ್ಲರೂ ಕೈಮುಗಿಯುತ್ತಲೇ ಇದ್ದಾರೆ. ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿ, ಮೊಟ್ಟೆ ಕ್ಷೇಮ ಎಂದು ಬರೆದು, ಊರಿಗೆ ಹಿಂತಿರುಗುತ್ತಾರೆ.

ನಾನು ನಕ್ಕೆ. ಅವಳು ನಗಲಿಲ್ಲ.

ಕಾಫಿ ವಿರಾಮ ಕೊಟ್ಟರು. ಮೂವತ್ತು ಜನ ಸಾಲಾಗಿ ಬಂದು ಲೋಟ ತೆಗೆದುಕೊಂಡರು. ಮುಖವಾಡ ಮಾತ್ರ ಯಾರೂ ತೆಗೆಯಲಿಲ್ಲ. ಗದ್ದದ ಹತ್ತಿರ ಎರಡು ಬೆರಳಿನಷ್ಟು ಎತ್ತಿ, ಕಾಫಿ ಕುಡಿದು, ಮತ್ತೆ ಇಳಿಸುತ್ತಿದ್ದರು.

"ಯಾಕೆ ತೆಗೆಯಲ್ಲ?" ಎಂದು ರೇಣುಕಾಳನ್ನು ಕೇಳಿದೆ.

"ಎಲ್ಲಾರ ಮಂದಿನೂ ರಷ್ಯಾದಾಗ ಅದಾರ ಅಕ್ಕಾರ. ಅಪ್ಪ, ಅವ್ವ, ಅಣ್ಣತಮ್ಮ. ಇವರು ಇಂಥಾದ್ದ್ರಾಗ ನಟಿಸಿದ್ದು ಅಲ್ಲಿ ಗೊತ್ತಾತು ಅಂದ್ರ ಅವರಿಗೆ ತ್ರಾಸು. ಇವರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಬರೂದೂ ಬ್ಯಾರೆ ಬ್ಯಾರೆ, ಹೋಗೂದೂ ಬ್ಯಾರೆ ಬ್ಯಾರೆ."

ಡಚ್ಚರ ಮನೆಯಲ್ಲಿ ಕಾಫಿಗೆ ಒಂದೇ ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತಾರೆ ಎಂದು ಸುಧಾ ಹೇಳಿದ್ದಳು. ಇಲ್ಲಿ ಹೊರಗಿನವರೂ ಅದನ್ನು ಕಲಿತಿದ್ದರು. ನಾನು ಮರೆತು ಎರಡನೆಯದಕ್ಕೆ ಕೈ ಹಾಕಿದೆ. ಮೂವತ್ತು ಮುಖವಾಡಗಳು ನನ್ನ ಕಡೆ ತಿರುಗಿದವು. ಬಿಸ್ಕತ್ತನ್ನು ವಾಪಸು ಇಡಲೂ ಆಗದೆ ತಿನ್ನಲೂ ಆಗದೆ ಕೈಯಲ್ಲೇ ಹಿಡಿದು ನಿಂತೆ.

ಮುದುಕಿಯ ಪಾತ್ರದವಳು ಗುಡಿಸಲಿನ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದಳು. ಅವಳೂ ಮುಖವಾಡದಲ್ಲೇ ಇದ್ದಳು. ಹೆಸರು ನೀನಾ, ನಲವತ್ತರ ಹೆಂಗಸು, ಊರಿನಲ್ಲಿ ರಂಗಭೂಮಿಯ ನಟಿಯಾಗಿದ್ದವಳು. ಗಂಟಲು ಪೂರ್ತಿ ಕಟ್ಟಿತ್ತು. ದನಿ ಮಾರಿ ಬದುಕುವ ನಾನು ಚೀಲದಲ್ಲಿ ಜ್ಯೇಷ್ಠಮಧುವಿನ ಬೇರು ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಒಂದು ತುಂಡು ಮುರಿದು ಕೊಟ್ಟು, "ಅಗಿಯಬೇಡಿ, ದವಡೆಯಲ್ಲಿ ಇಟ್ಟುಕೊಂಡು ರಸ ನುಂಗಿ," ಎಂದೆ. ಅವಳು ಮುಖವಾಡದ ಸೀಳಿನೊಳಗೆ ಬೇರನ್ನು ತೂರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಗಂಟಲು ಬಿಟ್ಟಿತು. ಅವಳು ಆ ಕೊನೆಯ ದೃಶ್ಯದ ಮಾತು ಹೇಳಿದಾಗ, ಭಾಷೆ ಬಾರದಿದ್ದರೂ ನಾನು ಚೀಲದ ಬಾಯಿ ಮುಚ್ಚುವುದನ್ನೂ ಮರೆತೆ. ಅಷ್ಟು ವರ್ಷ ಮುದುಕಿಯರ ದನಿ ಮಾಡಿದ್ದೇನೆ. ಅಂಥ ದನಿ ನನಗೆ ಒಮ್ಮೆಯೂ ಬಂದಿಲ್ಲ.

ನ್ಯೂವೆಗೈನ್: ಪರದೆಯಿಲ್ಲದ ಮನೆಗಳು

ಈ ದೇಶದಲ್ಲಿ ಬೀದಿಯ ಕಡೆಯ ಕಿಟಕಿಗಳಿಗೆ ಪರದೆ ಇಳಿಸುವುದಿಲ್ಲ. ಜನ ಊಟ ಮಾಡುವುದು, ಟಿವಿ ನೋಡುವುದು, ಮಕ್ಕಳಿಗೆ ಗದರುವುದು ಎಲ್ಲ ಹಾದಿಗೆ ಕಾಣುತ್ತದೆ. ನಮ್ಮಲ್ಲಾದರೆ ಅಷ್ಟು ತೆರೆದಿಟ್ಟ ಮನೆಯನ್ನು ಇಣುಕದೆ ಬಿಡುವವರು ಯಾರು? ಇಲ್ಲಿ ಯಾರೂ ನೋಡುವುದಿಲ್ಲ. ನಾನೊಬ್ಬಳೇ ಸಂಜೆ ವಾಕಿಂಗಿನಲ್ಲಿ ನೋಡಿಕೊಂಡು ಹೋಗುತ್ತಿದ್ದೆ. ಒಮ್ಮೆ ಒಬ್ಬ ಮುದುಕ ಒಳಗಿನಿಂದ ನನಗೆ ಕೈ ಬೀಸಿದ. ನಾಚಿಕೆಯಾಗಿ ರಸ್ತೆ ದಾಟಿದೆ.

ಶೂಟಿಂಗ್ ಆದ ಐದನೇ ದಿನ ರೇಣುಕಾ ಊಟ್ರೆಕ್ಟಿನ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬಂದಳು. ಸುಧಾ ಚಪಾತಿ ಲಟ್ಟಿಸುತ್ತಿದ್ದಳು. ರೇಣುಕಾ ಕೋಟನ್ನೂ ತೆಗೆಯದೆ ಕೂತಳು.

"ನೀನಾನ ಅವ್ವನ ಮನಿಗೆ ಯಾರೋ ಬಂದಿದ್ರಂತ," ಎಂದಳು. "ಒಬ್ಬ ಮನಷ್ಯಾ. ಭಾಳ ಮರ್ಯಾದಿಯಿಂದ ಮಾತಾಡ್ಯಾನ. ಚಾ ಕುಡದಾನ. ಯಾವ ಆಫೀಸು ಅಂತ ಹೇಳಿಲ್ಲ."

"ಏನು ಕೇಳಿದ?"

"ಮಗಳ ಗಂಟಲ ಹೆಂಗೈತಿ ಅಂತ ಕೇಳ್ಯಾನ." ರೇಣುಕಾ ನನ್ನ ಕಡೆ ನೋಡಿದಳು. "ಇಂಡಿಯಾದ ಹೆಣ್ಮಗಳು ಯಾವುದೋ ಬೇರು ಕೊಟ್ಟಳಂತಲ್ಲ, ಅದು ಹಿಡೀತೇನು ಅಂತ ಕೇಳ್ಯಾನ."

ಸುಧಾಳ ಲಟ್ಟಣಿಗೆ ನಿಂತಿತು.

ಆ ಬೇರು ಕೊಟ್ಟಾಗ ಗೋದಾಮಿನ ಬಾಗಿಲು ಹಾಕಿತ್ತು. ಒಳಗೆ ಇದ್ದವರಷ್ಟೇ ಅದನ್ನು ನೋಡಿದ್ದು. ಆ ಮೂವತ್ತು ಮುಖವಾಡಗಳಲ್ಲಿ ಯಾವುದೋ ಒಂದರ ಒಳಗಿನ ಮನುಷ್ಯ ಅದನ್ನು ದೂರದೇಶಕ್ಕೆ ಮುಟ್ಟಿಸಿದ್ದ. ಹೋದವನು ಬೆದರಿಸಿರಲಿಲ್ಲ, ಬೈದಿರಲಿಲ್ಲ, ಆರೋಗ್ಯ ವಿಚಾರಿಸಿ ಎದ್ದು ಹೋಗಿದ್ದ. ಅಷ್ಟಕ್ಕೇ ನೀನಾ ಸಿನಿಮಾದಿಂದ ತನ್ನ ದನಿಯನ್ನು ತೆಗೆದುಬಿಡಿ ಎಂದಿದ್ದಳು. ಮುಖ ಹೇಗೂ ಕಾಣುವುದಿಲ್ಲ. ಆದರೆ ಆ ದನಿ ಅವಳದೆಂದು ಅವಳ ನಾಟಕ ನೋಡಿದ ಯಾರಾದರೂ ಹೇಳುತ್ತಾರೆ.

"ಲಿಡಿಯಾ ಮೇಡಂ ನಿಮ್ಮನ್ನ ಕೇಳು ಅಂದ್ರು. ಮುದುಕಿ ಮಾತು ನೀವ ಹೇಳ್ರಿ. ಕನ್ನಡದಾಗ."

"ಕನ್ನಡದಲ್ಲಾ?"

"ಹೂಂರಿ. ಮುದುಕಿ ಖರೇ ಹೇಳ್ತಾಳ, ಬಂದ ಅಧಿಕಾರಿಗಳಿಗೆ ತಿಳಿಯಂಗಿಲ್ಲ, ಮೊಟ್ಟಿ ಕ್ಷೇಮ ಅಂತ ಬರಕೊಂಡು ಹೋಗ್ತಾರ. ಮೊದಲಿಗಿಂತ ಛಲೋ ಆಗತೈತಿ ಅಂತಾರ ಮೇಡಂ."

ಸುಧಾ ಒಲೆ ಆರಿಸಿದಳು. "ಅಕ್ಕ, ನಿಂಗೇನ್ ತಲೆ ಕೆಟ್ಟಿದ್ಯಾ? ನೀನು ಹೂಂ ಅನ್ಬೇಡ. ನಾವಿಲ್ಲಿ ಪರ್ಮಿಟ್ ಮೇಲೆ ಇರೋರು. ಆಲ್ರೆಡಿ ಅವನ ಹತ್ರ ನಿನ್ ವಿಷ್ಯ ಹೋಗಿದೆ! ಯಾರದ್ದೋ ದೇಶ, ಯಾರದ್ದೋ ರಾಜ. ನಿಂಗ್ಯಾಕೆ?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ರೇಣುಕಾ ಎದ್ದು ಹೋದಳು. ನಾನು ಅವತ್ತು ಉಣ್ಣಲಿಲ್ಲ. ಯಾರೋ ಗೊತ್ತಿಲ್ಲದವನೊಬ್ಬ ಯಾವುದೋ ಅಡುಗೆಮನೆಯಲ್ಲಿ ಕೂತು, ಚಹಾ ಕುಡಿಯುತ್ತಾ, ನಾನು ಚೀಲದಿಂದ ತೆಗೆದ ಬೇರಿನ ತುಂಡಿನ ಬಗ್ಗೆ ಮಾತಾಡಿದ್ದಾನೆ. ಇದು ತಲೆಯಿಂದ ಹೋಗುತ್ತಿರಲಿಲ್ಲ. ಮರುದಿನ ಮುಂಜಾನೆ ಕಿಟಕಿಯ ಬಳಿ ಕಾಫಿ ಕುಡಿಯುವಾಗ ಪರದೆ ಎಳೆಯಬೇಕು ಅನ್ನಿಸಿತು. ಎಳೆಯಲು ಆ ಮನೆಯಲ್ಲಿ ಪರದೆಯೇ ಇರಲಿಲ್ಲ. ಆಗ ನನಗೆ ಭಯಕ್ಕಿಂತ ಸಿಟ್ಟು ಜಾಸ್ತಿ ಬಂತು. ರೇಣುಕಾಳಿಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಸುಧಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಬೆಸ್ಟ್: ಉಸಿರು

ರೇಣುಕಾಳ ಮನೆ ಇದ್ದದ್ದು ಐಂಡ್‌ಹೋವನ್ ಹತ್ತಿರದ ಬೆಸ್ಟ್ ಎಂಬ ಸಣ್ಣ ಊರಿನಲ್ಲಿ. ನಾನು ರೈಲಿನಲ್ಲಿ ಒಬ್ಬಳೇ ಹೋದೆ. ಬೋಗಿಯಲ್ಲಿ ನಾಲ್ಕೈದು ಜನ, ಎಲ್ಲರೂ ಓದಿನಲ್ಲಿ ಮುಳುಗಿದ್ದರು. ಸಮಯ ಹಾಳು ಮಾಡುವುದೇಕೆಂದು ಮುದುಕಿಯ ಮಾತನ್ನು ಅಭ್ಯಾಸ ಮಾಡತೊಡಗಿದೆ. ಮೊದಲು ಪಿಸುಗುಟ್ಟಿದೆ, ಆಮೇಲೆ ನನಗೇ ಗೊತ್ತಿಲ್ಲದೆ ದನಿ ಏರಿತು: "ನಿಮ್ಮ ರಾಜ ಸತ್ತು ಬಹಳ ಕಾಲ ಆಯ್ತು ಮಕ್ಕಳಾ!" ಎದುರಿನ ಹೆಂಗಸು ಪುಸ್ತಕ ಕೆಳಗಿಟ್ಟು, ಕಿಟಕಿಯ ಗಾಜಿನ ಮೇಲೆ ಬರೆದಿದ್ದ ಒಂದು ಪದವನ್ನು ಬೆರಳಿನಿಂದ ತೋರಿಸಿದಳು. ಸ್ಟಿಲ್ಟೆ. ಮೌನ. ಅದು ಮಾತಾಡಬಾರದ ಬೋಗಿ. ನಮ್ಮ ರೈಲಿನಲ್ಲಿ ಕಡಲೆಕಾಯಿ ಮಾರುವವನಿಂದ ಹಿಡಿದು ಭಜನೆ ಹಾಡುವವರ ತನಕ ನೆನಪಾಯಿತು. ಬೆಸ್ಟ್ ಬರುವವರೆಗೆ ಬಾಯಿ ಬಿಡಲಿಲ್ಲ.

ಮನೆಯ ಅಟ್ಟದಲ್ಲಿ ಗೋಡೆಗೆಲ್ಲ ಹಳೆಯ ಹಾಸಿಗೆ ಒರಗಿಸಿ ರೇಣುಕಾ ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದಳು. ಲಿಡಿಯಾ ಮೂಲೆಯಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ನಸುಗೆಂಪು ಕೂದಲಿನ, ಕಣ್ಣ ಕೆಳಗೆ ಕಪ್ಪು ಕಟ್ಟಿದ ಹೆಂಗಸು. ನಾನು ಮೊದಲ ಸಲ ನೀನಾಳ ಮುಖ ನೋಡಿದ್ದು ಆಗ.

ಹೆಡ್‌ಫೋನ್ ಹಾಕಿಕೊಂಡೆ. ಡಬ್ಬಿಂಗ್ ಮಾಡುವವರು ಮೊದಲು ಮೂಲ ದನಿಯನ್ನು ಕೇಳಬೇಕು. ಎಲ್ಲಿ ಎಳೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ತಿಳಿಯಬೇಕು. ರೇಣುಕಾ ನೀನಾಳ ದನಿ ಹಾಕಿದಳು. ಕೇಳುತ್ತಾ ಕೇಳುತ್ತಾ ಏನೋ ತಪ್ಪಿದೆ ಅನ್ನಿಸಿತು.

"ರೇಣುಕಾ, ಇದರಲ್ಲಿ ಎರಡು ದನಿ ಇದೆ."

"ಇಲ್ಲಲ್ರಿ ಅಕ್ಕಾರ."

"ಇದೆ. ಅವಳು ಒಂದು ವಾಕ್ಯ ಮುಗಿಸಿದ ಮೇಲೆ ಕೇಳು. ಜೋರು ಮಾಡು."

ರೇಣುಕಾ ಆ ಜಾಗಗಳನ್ನು ದೊಡ್ಡದು ಮಾಡಿದಳು. ಗೋದಾಮಿನ ಗುಂಯ್ ಎನ್ನುವ ಸದ್ದು ಏರಿತು. ಅದರೊಳಗಿಂದ ಒಂದು ಪಿಸುಮಾತು ಬಂತು. ನೀನಾ ಹೇಳಿದ ವಾಕ್ಯವನ್ನೇ ಯಾರೋ ಹಿಂದಿನಿಂದ, ತಮ್ಮಷ್ಟಕ್ಕೆ, ಅಕ್ಷರ ಬಿಡದೆ ಹೇಳಿಕೊಳ್ಳುತ್ತಿದ್ದರು. ಮಗ್ಗಿ ಬಾಯಿಪಾಠ ಮಾಡುವ ಹಾಗೆ. ಪ್ರತಿ ವಾಕ್ಯದ ನಂತರವೂ. ಗಂಡಸೋ ಹೆಂಗಸೋ ತಿಳಿಯುತ್ತಿರಲಿಲ್ಲ.

ನೀನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಲಿಡಿಯಾ ಅದನ್ನು ಮೂರು ಸಲ ಹಾಕಿಸಿ ಕೇಳಿದಳು.

"ಯಾರೆಂದು ಕಂಡುಹಿಡಿಯಬಹುದೇ?" ಎಂದೆ.

"ಕಂಡುಹಿಡಿಯಬಹುದು," ಎಂದಳು ಲಿಡಿಯಾ. "ಮೂವತ್ತು ಜನರನ್ನೂ ಒಬ್ಬೊಬ್ಬರನ್ನಾಗಿ ಕರೆದು, ಪಿಸುಗುಟ್ಟಿಸಿ, ಪರೀಕ್ಷೆ ಮಾಡಬಹುದು. ಅಂಥದ್ದರಿಂದ ತಪ್ಪಿಸಿಕೊಳ್ಳಲೆಂದೇ ನಾನು ಊರು ಬಿಟ್ಟದ್ದು. ಮಾಡುವುದಿಲ್ಲ."

ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ರೇಣುಕಾ ನೀನಾಳ ದನಿಯನ್ನು ಅಳಿಸುತ್ತಾ ಬಂದಳು. ಪರದೆಯ ಮೇಲೆ ಗುಡ್ಡದಂತೆ ಏರಿಳಿಯುತ್ತಿದ್ದ ಗೆರೆ ಒಂದೊಂದೇ ವಾಕ್ಯಕ್ಕೆ ಮಟ್ಟಸವಾಗುತ್ತಿತ್ತು. ನೀನಾ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಬದುಕಿರುವಾಗಲೇ ಒಬ್ಬರ ಜಾಗದಲ್ಲಿ ಹೋಗಿ ಕೂರುವುದು ನನಗೆ ಹೊಸದಲ್ಲ, ಅದೇ ನನ್ನ ಹೊಟ್ಟೆಪಾಡು. ಆದರೆ ಹಾಗೆ ಮಾಡುವಾಗ ಆ ಮನುಷ್ಯರು ಎಂದೂ ನನ್ನ ಪಕ್ಕದಲ್ಲಿ ಕೂತಿರಲಿಲ್ಲ.

"ತಡಿ," ಎಂದೆ. "ಮಾತು ಮಾತ್ರ ತೆಗಿ. ಉಸಿರು ಬಿಡು."

"ಏನು ಅಕ್ಕಾರ?"

"ಮಾತಿನ ಮೊದಲು ಅವಳು ಎಳೆದುಕೊಂಡ ಉಸಿರು ಇದೆಯಲ್ಲ, ಅದು ಅವಳದೇ ಇರಲಿ. ಉಸಿರಿಗೆ ಯಾವ ಭಾಷೆ? ಉಸಿರು ಕೇಳಿ ಯಾರನ್ನೂ ಹಿಡಿಯೋಕಾಗಲ್ಲ."

ಇಂಗ್ಲಿಷಿನಲ್ಲಿ ಹೇಳಿದಾಗ ನೀನಾ ತಲೆಯಾಡಿಸಿದಳು. ಕಣ್ಣು ತುಂಬಿತ್ತು. ಹಾಗೇ ಮಾಡಿದೆವು. ಅವಳು ಉಸಿರೆಳೆದುಕೊಂಡಳು, ನಾನು ಮಾತಾಡಿದೆ: "ನಿಮ್ಮ ರಾಜ ಸತ್ತು ಬಹಳ ಕಾಲ ಆಯ್ತು ಮಕ್ಕಳಾ. ಆ ಮೊಟ್ಟೇನ ನಾನೇ ಬೇಯಿಸಿಕೊಂಡು ತಿಂದೆ. ಉಪ್ಪು ಕಮ್ಮಿಯಾಗಿತ್ತು." ಉಪ್ಪಿನ ಮಾತು ನಾನೇ ಸೇರಿಸಿದ್ದು. ರೆಕಾರ್ಡಾದದ್ದನ್ನು ರೇಣುಕಾ ಮತ್ತೆ ಹಾಕಿದಳು. ಆ ಮುದುಕಿ ನೀನಾಳೂ ಆಗಿರಲಿಲ್ಲ, ನಾನೂ ಆಗಿರಲಿಲ್ಲ.

ಹೊರಡುವಾಗ ಲಿಡಿಯಾ ಕೇಳಿದಳು. "ಕೊನೆಯಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ. ನನ್ನದನ್ನೂ ಇಲ್ಲ. ನಿಮ್ಮದು ಬೇಕೆಂದರೆ ಹಾಕುತ್ತೇನೆ. ನಿಮ್ಮ ಇಷ್ಟ."

ಹಾಕಿ ಎಂದು ಬಾಯಿಗೆ ಬಂದದ್ದನ್ನು ನುಂಗಿ, ಯೋಚಿಸಿ ಹೇಳುತ್ತೇನೆ ಎಂದೆ.

ಊಟ್ರೆಕ್ಟ್: ಹೆಸರು

ನಾನು ಹೊರಡುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಊಟ್ರೆಕ್ಟಿನ ಕಾಲುವೆಯ ದಂಡೆಯ ಒಂದು ಸಣ್ಣ ಸಭಾಂಗಣದಲ್ಲಿ ಪ್ರದರ್ಶನ. ಸುಧಾ ಬರುವುದಿಲ್ಲ ಎಂದಿದ್ದವಳು ಕೊನೇ ಗಳಿಗೆಯಲ್ಲಿ ಬೂಟು ಹಾಕಿಕೊಂಡಳು. "ನಿನ್ನ ಒಬ್ಳನ್ನೇ ಕಳ್ಸಲ್ಲ," ಎಂದಳಷ್ಟೆ.

ಪ್ರವೇಶದ ಕೋಣೆಯಲ್ಲಿ ಎಪ್ಪತ್ತು ಎಂಬತ್ತು ಜನ ಕೋಟು ಕಳಚುತ್ತಿದ್ದರು. ಇವರಲ್ಲಿ ಆ ಮೂವತ್ತು ಜನರೂ ಮುಖವಾಡವಿಲ್ಲದೆ ಬಂದಿದ್ದಾರೆ ಎಂದಳು ರೇಣುಕಾ. ನಾನು ಒಂದೊಂದೇ ಮುಖ ನೋಡಿದೆ. ಕನ್ನಡಕದ ಗಂಡಸು, ಬೂದು ಜಡೆಯ ಹೆಂಗಸು, ಮಗು ಎತ್ತಿಕೊಂಡ ದಂಪತಿ. ಯಾರೆಂದು ತಿಳಿಯಲಿಲ್ಲ. ಆದರೆ ಅಲ್ಲಲ್ಲಿ ಕೆಲವರು ನನ್ನನ್ನು ಕಂಡು ಚೂರು ತಲೆ ಬಾಗಿಸುತ್ತಿದ್ದರು. ಅವರೆಲ್ಲರಿಗೂ ನನ್ನ ಮುಖ ಗೊತ್ತು, ನನಗೆ ಅವರ ಮುಖ ಗೊತ್ತಿಲ್ಲ. ಬೂದು ಜಡೆಯವಳು ದಾಟಿ ಹೋಗುವಾಗ ನನ್ನ ಕೈ ಒತ್ತಿದಳು. ಅಭಿಮಾನಕ್ಕೋ, ಮತ್ತೆ ಯಾತಕ್ಕೋ.

ನೀನಾ ನನ್ನನ್ನು ಮೆಟ್ಟಿಲಿನ ಕೆಳಗೆ ಕರೆದುಕೊಂಡು ಹೋದಳು. ಸಿನಿಮಾದ ಒಂದು ನಿಮಿಷದ ತುಣುಕನ್ನು ಲಿಡಿಯಾ ನಾಲ್ಕೈದು ದಿನದ ಹಿಂದೆ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದಳು. ಅದಾದ ಎರಡು ದಿನಕ್ಕೆ ಆ ಮನುಷ್ಯ ಮತ್ತೆ ಅವಳ ತಾಯಿಯ ಮನೆಗೆ ಬಂದಿದ್ದನಂತೆ. ತನ್ನ ಫೋನಿನಲ್ಲಿ ಅದನ್ನು ಹಾಕಿ, ಇದು ನಿಮ್ಮ ಮಗಳಲ್ಲವೇ ಎಂದು ಕೇಳಿದನಂತೆ.

"ಅಮ್ಮ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು. ಸುಳ್ಳು ಹೇಳಲು ಬರುವುದಿಲ್ಲ," ಎಂದಳು ನೀನಾ. "ಪೂರ್ತಿ ಕೇಳಿದಳಂತೆ. 'ಇದು ಯಾವ ಭಾಷೆ? ನನ್ನ ಮಗಳಿಗೆ ಇದು ಬರುವುದಿಲ್ಲ' ಎಂದಳಂತೆ. ಅವನು ಇನ್ನೊಂದು ಸಲ ಹಾಕಿದನಂತೆ. ಅಮ್ಮ ಅದನ್ನೇ ಹೇಳಿದಳಂತೆ. ಅವನು ಎದ್ದು ಹೋದ."

ನನಗೆ ಮೈ ಹಗುರಾಯಿತು. ಇದನ್ನು ಬರೆಯುವ ಹೊತ್ತಿಗೂ ಅವನು ಮತ್ತೆ ಅಲ್ಲಿಗೆ ಹೋಗಿಲ್ಲ. ಆದರೆ ನೀನಾ ಹೇಳುವುದನ್ನು ಮುಗಿಸಿರಲಿಲ್ಲ.

"ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದನಂತೆ. 'ಹಾಗಾದರೆ ಈ ಹೆಂಗಸು ಯಾರು?' "

ರೇಣುಕಾ ಲ್ಯಾಪ್‌ಟಾಪ್ ಹಿಡಿದು ಬಂದಳು. "ಅಕ್ಕಾರ, ಹೆಸರು ಇಡ್ಲ್ಯೋ, ತೆಗೀಲ್ಯೋ? ಐದು ನಿಮಿಷ ಐತಿ."

ಸುಧಾ ನನ್ನ ತೋಳು ಹಿಡಿದಳು. "ತೆಗ್ಸು ಅಕ್ಕ. ಪ್ಲೀಸ್."

ಹೆಸರಿಲ್ಲದಿದ್ದರೆ ಆ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಉತ್ತರ ಇಲ್ಲದ ಪ್ರಶ್ನೆ ಹಿಡಿದುಕೊಂಡು ಅವನು ಇನ್ನೂ ಎಷ್ಟು ಜನರ ಅಡುಗೆಮನೆಗೆ ಹೋಗುತ್ತಾನೋ. ನಾನು ಇಂಥ ಧೈರ್ಯವಂತೆ ಎಂದು ಬರೆದುಕೊಳ್ಳಲು ಇದನ್ನು ಹೇಳುತ್ತಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಕಾಣದ ಹೆಸರನ್ನು ಒಮ್ಮೆ ಪರದೆಯ ಮೇಲೆ ಕಾಣಬೇಕು ಎಂಬ ಆಸೆಯೂ ಇತ್ತು. ಯಾವುದು ಎಷ್ಟು ಎಂದು ನನಗೇ ಗೊತ್ತಿಲ್ಲ.

"ಇರಲಿ," ಎಂದೆ. "ಇಂಗ್ಲಿಷಲ್ಲಿ ಬೇಡ. ಕನ್ನಡದಲ್ಲಿ ಬರಿ."

ಸಿನಿಮಾ ಶುರುವಾಯಿತು. ಜನ ಅಲ್ಲಲ್ಲಿ ನಕ್ಕರು. ಮುದುಕಿ ಬಾಯಿ ತೆರೆದಳು. ನೀನಾಳ ಉಸಿರು, ನನ್ನ ಮಾತು. ಉಪ್ಪು ಕಮ್ಮಿಯಾಗಿತ್ತು ಎಂದಾಗ ಮೊದಲು ನಕ್ಕವಳು ಸುಧಾ. ಪರದೆಯ ಕೆಳಗಿನ ಅನುವಾದ ಓದಿ ಉಳಿದವರು ನಗುವಷ್ಟರಲ್ಲಿ ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಕೊನೆಯಲ್ಲಿ ಪರದೆ ಕಪ್ಪಾಯಿತು. ಹೆಸರುಗಳು ಬರಬೇಕಾದ ಜಾಗ. ಒಂದೊಂದು ಹೆಸರನ್ನು ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಖಾಲಿ ಬಿಟ್ಟಿದ್ದರು. ಕಪ್ಪು, ಒಂದು ಸಣ್ಣ ಮಿನುಗು, ಮತ್ತೆ ಕಪ್ಪು. ಮೂವತ್ತಕ್ಕೂ ಹೆಚ್ಚು ಸಲ. ನನ್ನ ಸುತ್ತ ಕತ್ತಲಲ್ಲಿ ಜನ ತಂತಮ್ಮ ಖಾಲಿ ಜಾಗ ಬರುವುದನ್ನು ಕಾಯುತ್ತಾ ಕೂತಿದ್ದರು. ಆಮೇಲೆ ಬಿಳಿ ಅಕ್ಷರದಲ್ಲಿ 'ಕಾತ್ಯಾಯಿನಿ' ಎಂದು ಬಂತು. ಇಡೀ ಸಿನಿಮಾಕ್ಕೆ ಒಂದೇ ಹೆಸರು. ನನಗೆ ಸಂತೋಷವಾಗಲಿಲ್ಲ. ತುಂಬಿದ ಬಯಲಿನಿಂದ ಎಲ್ಲರೂ ಎದ್ದು ಹೋಗಿ ನಾನೊಬ್ಬಳೇ ನಿಂತುಬಿಟ್ಟ ಹಾಗೆ ಆಯಿತು.

ದೀಪ ಹತ್ತಿದ ಮೇಲೆ ಯಾರೂ ಒಟ್ಟಿಗೆ ಏಳಲಿಲ್ಲ. ಟೋಪಿ ಎಳೆದುಕೊಂಡು, ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡು, ಒಬ್ಬೊಬ್ಬರೇ, ಒಂದೆರಡು ನಿಮಿಷ ಬಿಟ್ಟು ಹೊರಟರು. ನಮ್ಮ ಸರದಿ ಬಂದಾಗ ಸುಧಾ ತನ್ನ ಮಫ್ಲರ್ ಬಿಚ್ಚಿ ನನ್ನ ಮುಖಕ್ಕೆ ಸುತ್ತಲು ಬಂದಳು.

"ಬೇಡ ಕಣೇ."

"ಚಳಿ ಅಕ್ಕ."

ಚಳಿಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬಾಗಿಲು ದೂಡಿದೆ. ನಾಲ್ಕೂವರೆಗೇ ಬೆಳಕು ಮಾಸಿ ಕಾಲುವೆಯ ನೀರಿನಿಂದ ಮಂಜು ಏಳುತ್ತಿತ್ತು. ಆಚೆ ದಂಡೆಯಲ್ಲಿ ಒಬ್ಬ ಫೋನು ಎತ್ತಿ ಹಿಡಿದು ನಿಂತಿದ್ದ. ಕಾಲುವೆಯ ಫೋಟೊ ತೆಗೆಯುತ್ತಿದ್ದನೋ, ಈ ಬಾಗಿಲಿನದೋ ತಿಳಿಯಲಿಲ್ಲ. ಸುಧಾ ನನ್ನ ಕೋಟು ಎಳೆದಳು. ನಾನು ಅವನ ಕಡೆಗೆ ಪೂರ್ತಿ ತಿರುಗಿ ನಿಂತೆ, ಅವನು ಫೋನು ಇಳಿಸುವವರೆಗೂ ಕದಲಲಿಲ್ಲ.